ಮ್ಯೂಸ್ ಪ್ರಯೋಗ: ಬೆರಕೆ ಬೀಮಿನಲ್ಲಿ ಮ್ಯೂಆನ್ ಗುರುತಿಸುವುದು ಹೇಗೆ?

ಕಣಾಸಕ್ತ: ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯ ಮ್ಯೂಸ್ ಪ್ರಯೋಗದಲ್ಲಿ ಪ್ರೋಟಾನಿನ ತ್ರಿಜ್ಯ ಅಳೆಯಲು ದ್ರವ ಹೈಡ್ರೋಜನ್ನಿಗೆ ಮ್ಯೂಆನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಹೆಚ್ಚು ಭಾರದ ಕಣ) ಹಾಯಿಸಿ ಚದುರಿಕೆ ನೋಡುತ್ತಾರೆ. ಆದರೆ ಆ ಬೀಮಿನಲ್ಲಿ (ಕಣಗಳ ಹರಿವಿನಲ್ಲಿ) ಎಲೆಕ್ಟ್ರಾನ್, ಮ್ಯೂಆನಿಗಿಂತಲೂ ಭಾರದ ಪಯಾನ್‌ಗಳೂ ಇವೆ, ಮೂರಕ್ಕೂ ಸಂವೇಗ ಒಂದೇ. ಬೇರ್ಪಡಿಸುವುದು ಹೇಗೆ? ಶುದ್ಧ ಮ್ಯೂಆನ್ ಬೀಮು ಯಾಕೆ ಬೇಡ?

ಹೊಡೋಸ್ಕೋಪ್: ಸಂವೇಗ ಒಂದೇ ಇದ್ದರೂ ದ್ರವ್ಯರಾಶಿ ಬೇರೆ, ಹಾಗಾಗಿ ವೇಗವೂ ಬೇರೆ. 160 ಎಂಇವಿ/ಸಿ (ಕಣಗಳ ಸಂವೇಗದ ಮಾನ) ಸಂವೇಗದಲ್ಲಿ ಎಲೆಕ್ಟ್ರಾನ್ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಇರುತ್ತದೆ. ಮ್ಯೂಆನ್ ಅದರ 0.83, ಪಯಾನ್ 0.75 ಪಟ್ಟು. ಸುಮಾರು 23 ಮೀಟರ್ ದಾರಿ ಮುಗಿಯುವಷ್ಟರಲ್ಲಿ ಮ್ಯೂಆನ್ 15, ಪಯಾನ್ 25 ನ್ಯಾನೋಸೆಕೆಂಡ್ ಹಿಂದೆ ಬೀಳುತ್ತವೆ. ವೇಗವರ್ಧಕದ ಮಿಡಿತ ಸುಮಾರು 20 ನ್ಯಾನೋಸೆಕೆಂಡಿಗೊಮ್ಮೆ ಬರುವುದರಿಂದ ಪಯಾನ್ ಮುಂದಿನ ಮಿಡಿತದ 5ರಲ್ಲಿ ಕಾಣುತ್ತದೆ. ಅಂದರೆ ಗಡಿಯಾರದಲ್ಲಿ ಎಲೆಕ್ಟ್ರಾನ್ 0, ಪಯಾನ್ 5, ಮ್ಯೂಆನ್ 15: ಮೂರೂ ಬಿಡಿಬಿಡಿ. ಸಂವೇಗವನ್ನು ಮನಸ್ಸಿಗೆ ಬಂದಂತೆ ಆರಿಸುವಂತಿಲ್ಲ. 140ರ ಆಸುಪಾಸಿನಲ್ಲಿ ಮ್ಯೂಆನ್ ಸರಿಯಾಗಿ ಒಂದು ಮಿಡಿತ ಹಿಂದೆ ಬಿದ್ದು ಎಲೆಕ್ಟ್ರಾನಿನ ಮೇಲೇ ಕೂರುತ್ತದೆ.

ಬೆರಕೆ ಬೇಕೆಂದೇ ಇಟ್ಟುಕೊಂಡದ್ದು. ಅದೇ ಗುರಿ, ಅದೇ ಡಿಟೆಕ್ಟರಿನಲ್ಲಿ ಎಲೆಕ್ಟ್ರಾನ್ ಮತ್ತು ಮ್ಯೂಆನ್ ಎರಡನ್ನೂ ಅಳೆದರೆ, ಎರಡಕ್ಕೂ ಸಮಾನವಾದ ದೋಷಗಳು ಹೋಲಿಕೆಯಲ್ಲಿ ಬಹುಪಾಲು ಕಳೆದುಹೋಗುತ್ತವೆ. ಬೀಮಿನ ಧ್ರುವೀಯತೆ ಬದಲಿಸಿ ಧನ, ಋಣ ಎರಡೂ ಆವೇಶಗಳಲ್ಲಿ ಅಳೆದರೆ ಎರಡು ಫೋಟಾನ್ ವಿನಿಮಯದ (ಕಣ ಮತ್ತು ಪ್ರೋಟಾನ್ ಒಂದರ ಬದಲು ಎರಡು ಫೋಟಾನ್ ಕೊಟ್ಟುಕೊಳ್ಳುವುದರ) ಪರಿಣಾಮವೂ ಸಿಗುತ್ತದೆ.

ಕೋನಮಾಪಕ: ಗುರುತಿಸುವುದಕ್ಕಿಂತ ಕಷ್ಟದ್ದು ಕೋನ. ತ್ರಿಜ್ಯ 0.84 ಫೆಮ್ಟೋಮೀಟರೋ 0.877ಓ ಎಂಬುದೇ ವಿವಾದವಾಗಿತ್ತು (ಒಂದು ಫೆಮ್ಟೋಮೀಟರ್ ಅಂದರೆ 10⁻¹⁵ ಮೀಟರ್). 160ರ ಸಂವೇಗದಲ್ಲಿ 36 ಡಿಗ್ರಿ ಹತ್ತಿರ ಈ ಎರಡು ಉತ್ತರಗಳ ನಡುವೆ ಚದುರಿಕೆಯ ಪ್ರಮಾಣದಲ್ಲಿ ಬರುವ ವ್ಯತ್ಯಾಸ ಬರೀ ಅರ್ಧ ಪ್ರತಿಶತ. ಚಿಕ್ಕ ಕೋನದಲ್ಲಿ ಚದುರಿಕೆ ಎಷ್ಟು ಕಡಿದಾಗಿ ಏರುತ್ತದೆಂದರೆ, 20 ಡಿಗ್ರಿಯಲ್ಲಿ ಒಂದು ಮಿಲಿರೇಡಿಯನ್ (ಸುಮಾರು 0.06 ಡಿಗ್ರಿ) ತಪ್ಪಿದರೆ 1.1 ಪ್ರತಿಶತ ಕೆಡುತ್ತದೆ. 100 ಡಿಗ್ರಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಬೀಮು ಅಗಲ, ಹರಡಿಕೊಂಡೂ ಬರುತ್ತದೆ. ಹಾಗಾಗಿ ಒಳಬರುವ ಒಂದೊಂದು ಕಣದ ದಿಕ್ಕನ್ನೂ ಜೆಮ್ ಡಿಟೆಕ್ಟರ್‌ಗಳಲ್ಲಿ (ಕಣ ಹಾದ ಜಾಗ ಗುರುತಿಸುವ ಸಾಧನಗಳಲ್ಲಿ) ಅಳೆಯಲೇಬೇಕು. ಚದುರಿದ ಕಣ ಹಿಡಿಯುವ ಸ್ಟ್ರಾ ಟ್ಯೂಬ್‌ಗಳು (ಅನಿಲ ತುಂಬಿದ ತೆಳು ಕೊಳವೆಗಳು) ಬೀಮಿನ ಎಡಕ್ಕೂ ಬಲಕ್ಕೂ ಇವೆ. ಒಟ್ಟಾರೆ ಜೋಡಣೆ ಸ್ವಲ್ಪ ತಿರುಗಿದ್ದರೆ ಎರಡೂ ಬದಿಯ ಸರಾಸರಿಯಲ್ಲಿ ಆ ದೋಷ ಬಹುತೇಕ ಹೋಗುತ್ತದೆ.

ಕಣಾಸಕ್ತ: ದಾರಿಯಲ್ಲೇ ಕ್ಷಯಿಸುವ ಮ್ಯೂಆನ್‌ಗಳ ಗತಿ?

ಹೊಡೋಸ್ಕೋಪ್: ಮೀಟರಿಗೆ ಸಾವಿರದಲ್ಲಿ ಒಂದು ಕ್ಷಯಿಸುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ದೊಡ್ಡ ಕೋನದ ನಿಜವಾದ ಚದುರಿಕೆ ಅದಕ್ಕಿಂತಲೂ ಬಹಳ ವಿರಳ. ಹುಟ್ಟಿದ ಎಲೆಕ್ಟ್ರಾನ್ ಮ್ಯೂಆನಿಗಿಂತ ವೇಗವಾಗಿ ಓಡಿ ಹೊರಗಿನ ಸಿಂಟಿಲೇಟರನ್ನು (ಕಣ ತಾಗಿದಾಗ ಮಿಂಚುವ ಡಿಟೆಕ್ಟರನ್ನು) ಬೇಗ ತಲುಪುತ್ತದೆ. ಆ ಸಮಯದಿಂದಲೇ ಅದನ್ನು ಬಿಡಿಸುತ್ತಾರೆ. ಹೈಡ್ರೋಜನ್ ತುಂಬಿದ ಪಾತ್ರೆಯ ಕ್ಯಾಪ್ಟಾನ್ (ಒಂದು ಬಗೆಯ ಪ್ಲಾಸ್ಟಿಕ್) ಗೋಡೆಯ ಚದುರಿಕೆಯನ್ನು ಮಾತ್ರ ಹೀಗೆ ಬಿಡಿಸಲಾಗದು. ಖಾಲಿ ಪಾತ್ರೆಯಲ್ಲಿ ಪ್ರತ್ಯೇಕವಾಗಿ ಅಳೆದು ಕಳೆಯಬೇಕು.