ಕುಸಿದುಬಿದ್ದವರಿಗೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ತುರ್ತು ನೆರವು): ನಿಮ್ಮ ಪ್ರಶ್ನೆ, ಡಾಕ್ಟರ್ ಉತ್ತರ

ಸುಮಾ: ಮೇಡಂ, ನಮ್ಮ ಭಾವನಿಗೆ 38 ವರ್ಷ. ಆಡುತ್ತಾ ಆಡುತ್ತಾ ಕುಸಿದುಬಿದ್ದರು. ಕೈಕಾಲು ಅದುರಿತು, ಫಿಟ್ಸ್ ಅಂದುಕೊಂಡೆವು. ಆಮೇಲೆ ಗೊರಕೆ ಥರ ಸದ್ದು. ಉಸಿರಿದೆಯಲ್ಲ ಅಂತ ಮಗ್ಗುಲಿಗೆ ತಿರುಗಿಸಿ ಕಾದೆವು. ಆಂಬುಲೆನ್ಸ್‌ನವರು ಬಂದು ಶಾಕ್ ಕೊಟ್ಟರು. ಈಗ ಐಸಿಯುನಲ್ಲಿದ್ದಾರೆ. ಉಸಿರಿದ್ದರೂ ಶಾಕ್ ಯಾಕೆ?

ಡಾಕ್ಟರ್: ಸುಮಾ, ಅದು ಉಸಿರಾಟ ಆಗಿರಲಿಲ್ಲ. ಹೃದಯ ನಿಂತ ಮೇಲೂ ಕೆಲವು ನಿಮಿಷ ಬಾಯಿ ಮೀನಿನ ಹಾಗೆ ತೆರೆದು ಮುಚ್ಚುತ್ತದೆ. ಗೊರ್ ಎನ್ನುತ್ತದೆ, ಮತ್ತೆ ಏನೂ ಇಲ್ಲ, ಮತ್ತೆ ಗೊರ್. ಎದೆ ಒಂದೇ ಸಮನೆ ಏರಿಳಿಯುವುದಿಲ್ಲ. ಮೆದುಳಿಗೆ ರಕ್ತ ನಿಂತಾಗ ಕೈಕಾಲೂ ಅದುರಬಹುದು. ಇದನ್ನು ನೋಡಿ ಮೋಸ ಹೋಗುವವರು ಬಹಳ ಜನ. ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಉಳಿದವರೂ ಓದಿ. ಭುಜ ತಟ್ಟಿ ಕೂಗಿ. ಎಚ್ಚರವಿಲ್ಲ, 10 ಸೆಕೆಂಡಿನೊಳಗೆ ಸರಿಯಾದ ಉಸಿರು ಕಾಣಲಿಲ್ಲ ಅಂದರೆ ಆಂಬುಲೆನ್ಸ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ. ಒಬ್ಬರನ್ನು ಎಇಡಿ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ತರಲು ಓಡಿಸಿ. ಒತ್ತಲು ಶುರು ಮಾಡಿ. ಗಟ್ಟಿ ನೆಲ ಇರಲಿ. ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡ ಇಟ್ಟು, ಮೊಣಕೈ ಮಡಚದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲಿ, ಹೃದಯಕ್ಕೆ ರಕ್ತ ತುಂಬುವುದು ಆಗಲೇ. ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತದೆ.

ಸುಮಾ, ಕಾರಣ ಏನೆಂದು ಐಸಿಯು ಡಾಕ್ಟರನ್ನು ಕೇಳಿ. ಈ ವಯಸ್ಸಿಗೆ ಆಗಿದೆ ಅಂದರೆ ವಂಶದಲ್ಲಿ ಬರುವ ಹೃದ್ರೋಗವೂ ಇರಬಹುದು. ಆಗ ಅವರ ಒಡಹುಟ್ಟಿದವರು, ಮಕ್ಕಳಿಗೂ ಪರೀಕ್ಷೆ ಬೇಕಾಗುತ್ತದೆ.

ರಾಘು: ಪಕ್ಕೆಲುಬು ಮುರಿದರೆ?

ಡಾಕ್ಟರ್: ಮುರಿಯಬಹುದು. ಕೂಡಿಕೊಳ್ಳುತ್ತದೆ. ನಿಲ್ಲಿಸಬೇಡಿ.

ಫಾತಿಮಾ: ಮಂಡಿನೋವು ಇದ್ದು ನೆಲಕ್ಕೆ ಕೂರಲಾಗದವರು ಹೇಗೆ ಒತ್ತುವುದು ಮೇಡಂ?

ನಾಗೇಶ್: *ಫಾರ್ವರ್ಡ್* ಒಬ್ಬರೇ ಇದ್ದಾಗ ಹೃದಯ ನಿಂತರೆ ಜೋರಾಗಿ ಕೆಮ್ಮುತ್ತಿರಿ. ಬಿದ್ದವರಿಗೆ ಖಾರದಪುಡಿ ನೀರು ಕುಡಿಸಿ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಮತ್ತೆ ಇದೇ ಬಂತು! ಹೃದಯ ನಿಂತರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ಕೆಮ್ಮುವುದು ಯಾರು? ಎಚ್ಚರವಿಲ್ಲದವರ ಬಾಯಿಗೆ ಹನಿ ನೀರೂ ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ. ಎದೆನೋವು ಬಂದು ಎಚ್ಚರ ಇರುವವರು ಕೆಮ್ಮುತ್ತಾ ಕೂರದೆ ಆಂಬುಲೆನ್ಸ್ ಕರೆಯಲಿ. ಡಿಲೀಟ್ ಮಾಡಿ.

ಮಂಜುಳಾ: ಬರೀ ಒತ್ತಿದರೆ ಏನು ಬಂತು? ನಮಗೆ 30 ಸಲ ಒತ್ತಿ 2 ಸಲ ಬಾಯಿಗೆ ಬಾಯಿಟ್ಟು ಊದಲು ಕಲಿಸಿದ್ದಾರೆ.

ರಾಘು: ಅದೆಲ್ಲ ಹಳೇದು. ಈಗ ಊದುವುದೇ ಇಲ್ಲ.

ಮಂಜುಳಾ: ನೀವು ಕಲಿತಿದ್ದೀರಾ? ಸುಮ್ನೆ ಹೇಳಬೇಡಿ.

ರಾಘು: ನೀವೊಬ್ಬರೇ ಕಲಿತವರಾ?

ಡಾಕ್ಟರ್: ಇಬ್ಬರೂ ಸಾಕು. ಕಲಿಯದವರು ಬರೀ ಒತ್ತಲಿ. ಕಲಿತವರು 30ಕ್ಕೆ 2 ಮಾಡಲಿ. ಮಕ್ಕಳಿಗೆ, ನೀರಲ್ಲಿ ಮುಳುಗಿದವರಿಗೆ ಊದುವುದು ತುಂಬಾ ಮುಖ್ಯ. ಅವರಿಗೆ ಸಾಮಾನ್ಯವಾಗಿ ಮೊದಲು ಕಟ್ಟುವುದು ಉಸಿರು. ಇಬ್ಬರಿದ್ದರೆ 2 ನಿಮಿಷಕ್ಕೊಮ್ಮೆ ಕೈ ಬದಲಿಸಿ, ಸುಸ್ತಾದ ಕೈ ಆಳಕ್ಕೆ ಒತ್ತುವುದಿಲ್ಲ.

ಪ್ರಕಾಶ್: ಪಕ್ಕೆಲುಬು ಮುರಿಯಲ್ವಾ ಡಾಕ್ಟ್ರೇ?

ಡಾಕ್ಟರ್: ಮೇಲೆ ಓದಿ.

ನಾಗೇಶ್: ಒಳ್ಳೇದಕ್ಕೇ ಕಳಿಸಿದ್ದು. ಹೀಗೆ ರೇಗಬೇಕಾ?

ಮಂಜುಳಾ: ಇನ್ನೂ ಡಿಲೀಟ್ ಮಾಡಿಲ್ಲ ನೀವು.

ನಾಗೇಶ್: ನಿಮ್ಮನ್ನು ಕೇಳಲಿಲ್ಲ.

ಡಾಕ್ಟರ್: ನಾಗೇಶ್, ಮೊದಲು ಅದನ್ನು ತೆಗೆಯಿರಿ, ಯಾರಾದರೂ ನಂಬಿ ಕುಡಿಸಿಬಿಡುತ್ತಾರೆ. ನನಗೆ ಡ್ಯೂಟಿ ಇದೆ, ಹೊರಟೆ.