ಅಪ್ಪನ ಮಿಲಿಟರಿ ಟ್ರಂಕನ್ನ ರೈಡಿಂಗ್ ಸಾಮಾನಿಗೆ ರೆಡಿ ಮಾಡ್ಬೇಕು, ತುಕ್ಕು ಮತ್ತೆ ಬೂಷ್ಟಿನ ಬಗ್ಗೆ ಗೊತ್ತಿರೋರು ಹೇಳಿ

ಯಲಹಂಕ_ಅಮ್ಮ:
ಎಲ್ರಿಗೂ ನಮಸ್ಕಾರ. ನಮ್ಮಪ್ಪ ಆರ್ಮಿ ಸರ್ವೀಸ್ ಕೋರ್‌ನಿಂದ (ಎಎಸ್‌ಸಿ) ರಿಟೈರ್ ಆಗಿ ಬಂದಾಗ ತಂದಿದ್ದ ಕಪ್ಪು ತಗಡಿನ ಟ್ರಂಕು ಅಟ್ಟದ ಮೇಲಿತ್ತು, ಈಗ ಕೆಳಗಿಳಿಸಿದೀವಿ. 36 ಇಂಚು ಉದ್ದ, 20 ಅಗಲ, 14 ಎತ್ತರ. ಮಗಳು ಹಾರ್ಸ್ ರೈಡಿಂಗ್ ಕಲೀತಿದಾಳೆ, ಹೆಲ್ಮೆಟ್ಟು ಬೂಟು ಲಗಾಮು ಜೀನಿನ ಕೆಳಗೆ ಹಾಕೋ ಪ್ಯಾಡು ಬ್ರಷ್ಷು ಎಲ್ಲಾ ಹಾಲಲ್ಲೇ ಬಿದ್ದಿರತ್ತೆ, ಈಗ ಸೆಕೆಂಡ್‌ಹ್ಯಾಂಡಲ್ಲಿ ಒಂದು ಕಾನ್ಪುರದ ಜೀನು ಬೇರೆ ತಗೊಂಡ್ವಿ. ಎಲ್ಲಾ ಈ ಟ್ರಂಕಲ್ಲೇ ಇಡೋಣ ಅಂತ ಆಸೆ. ತಳದ ಮೂಲೆಗಳು ತುಕ್ಕು ಹಿಡಿದಿದೆ, ಒಂದ್ಕಡೆ ಸಣ್ಣ ತೂತೂ ಬಿದ್ದಿದೆ. ಒಳಗಡೆ ಸ್ಪಂಜ್ ಹಾಕಿ ವೆಲ್ವೆಟ್ ಅಂಟಿಸೋಣ ಅಂತಾರೆ ನಮ್ಮೆಜಮಾನ್ರು. ಮುಚ್ಚಳದ ಮೇಲೆ ಬಿಳಿ ಪೇಂಟಲ್ಲಿ ಅಪ್ಪನ ನಂಬರು, ರ‍್ಯಾಂಕು, ಹೆಸರು ಬರೆದಿದೆ, ಅದು ಮಾತ್ರ ಹೋಗ್ಬಾರ್ದು. ಎಲ್ಲಿಂದ ಶುರು ಮಾಡ್ಲಿ?

ಹಳೇತಗಡು:
ಮೇಡಂ, ಮೊದಲು ಒಣ ಉಜ್ಜೋದು ಬೇಡ. ಹಳೇ ಪೇಂಟಲ್ಲಿ ಸೀಸ ಇರೋ ಚಾನ್ಸ್ ಜಾಸ್ತಿ, 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರ್ಬಾರ್ದು ಅನ್ನೋ ರೂಲು ಜಾರಿಗೆ ಬಂದಿದ್ದೇ 2017ರಲ್ಲಿ. ವಾಟರ್‌ಪೇಪರ್ ತಗೊಂಡು ನೀರು ಹಾಕ್ಕೊಂಡೇ ಉಜ್ಜಿ, ಧೂಳು ಏಳಲ್ಲ, ಮಗೂನ ಆ ಹೊತ್ತಲ್ಲಿ ಹತ್ರ ಬಿಡ್ಬೇಡಿ. ತುಕ್ಕು ಹೋಗಿ ತಗಡು ಬೆಳ್ಳಗೆ ಕಂಡ್ಮೇಲೆ ಒರೆಸಿ ಬಿಸಿಲಿಗಿಟ್ಟು ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೀರಿ, ರಾತ್ರಿ ಹಾಗೇ ಬಿಟ್ರೆ ಬೆಳಿಗ್ಗೆ ಮತ್ತೆ ಕೆಂಪಗಾಗಿರತ್ತೆ. ಸಣ್ಣ ತೂತಿಗೆ ಎಂಸೀಲ್ ಸಾಕು, ಸುತ್ತ ತಗಡು ಬೆರಳಲ್ಲಿ ಒತ್ತಿದ್ರೆ ಮುರೀತಿದ್ರೆ ಮಾತ್ರ ಟ್ರಂಕ್ ಮಾಡೋರ ಹತ್ರ ಒಂದು ತೇಪೆ ಹಾಕಿಸಿ ರಿವೆಟ್ ಹೊಡಿಸಿ. ಆಮೇಲೆ ಎನಾಮೆಲ್, ತೆಳ್ಳಗೆ ಎರಡು ಕೋಟು.

ಅಪ್ಪಾಜಿ ಹೆಸರಿಗೆ ಥಿನ್ನರ್ ಸೋಕಿಸ್ಲೇಬೇಡಿ. ಸೋಪಿನ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿ ಸುತ್ತ ಮಾಸ್ಕಿಂಗ್ ಟೇಪ್ ಹಾಕಿ, ಆ ಭಾಗ ಹಳೇ ಪೇಂಟಲ್ಲೇ ಇರ್ಲಿ. ಮೇಲೆ ಕ್ಲಿಯರ್ ವಾರ್ನಿಷ್ ಹೊಡೀಬಹುದು ಆದ್ರೆ ಅಕ್ಷರ ಇಲ್ಲದ ಮೂಲೇಲಿ ಒಂದು ಚುಕ್ಕಿ ಹಾಕಿ ನೋಡಿ, ಹಳೇ ಪೇಂಟು ಸುಕ್ಕುಗಟ್ಟಿದ್ರೆ ಬಿಟ್ಬಿಡಿ. ಏನು ಮಾಡೋಕೂ ಮುಂಚೆ ಫೋಟೋ ತೆಗೆದಿಟ್ಕೊಳ್ಳಿ.

ಮೈಸೂರು_ಸವಾರ:
ಸ್ಪಂಜು ವೆಲ್ವೆಟ್ಟು ಬೇಡ್ವೇ ಬೇಡ ಅಕ್ಕ, ದಯವಿಟ್ಟು ಯಜಮಾನ್ರಿಗೆ ಹೇಳಿ. ಸ್ಪಂಜ್ ನೀರು ಹೀರ್ಕೊಂಡು ಕೂರತ್ತೆ, ಮಳೆಗಾಲದಲ್ಲಿ ಮುಚ್ಚಿಟ್ಟ ಟ್ರಂಕಲ್ಲಿ ತೇವಾಂಶ 70 ಪರ್ಸೆಂಟ್ ದಾಟಿದ್ರೆ ಚರ್ಮಕ್ಕೆ ಬೂಷ್ಟು ಬಂತು ಅಂತಾನೇ ಲೆಕ್ಕ. ಹಾಗಂತ ಬರೀ ತಗಡಿನ ಮೇಲೂ ಇಡ್ಬೇಡಿ, ಮರದ ತೊಗಟೆ ಹಾಕಿ ಹದ ಮಾಡಿದ ಚರ್ಮದಲ್ಲಿ ಟ್ಯಾನಿನ್ ಇರತ್ತೆ, ಒದ್ದೆ ಕಬ್ಬಿಣಕ್ಕೆ ತಾಗಿದ್ರೆ ಕಪ್ಪು ಕಲೆ ಬೀಳತ್ತೆ, ಹೋಗಲ್ಲ. ಹಳೇ ಜಮಖಾನ ಇದ್ರೆ ಮಡಚಿ ಹಾಸಿ, ಅಂಟಿಸ್ಬೇಡಿ, ತೆಗೆದು ಒಗೆಯೋ ಹಾಗಿರ್ಲಿ. ಎರಡೂ ಪಕ್ಕದಲ್ಲಿ ಮುಚ್ಚಳದ ಕೆಳಗೆ ನಾಲ್ಕೈದು ತೂತು ಕೊರೆಸಿ ಒಳಗಿಂದ ಸೊಳ್ಳೆ ಮೆಶ್ ಹಾಕಿ, ಗಾಳಿ ಆಡ್ಬೇಕು.

ಮತ್ತೆ ಜೀನು ಆ ಟ್ರಂಕಿಗಲ್ಲ. 14 ಇಂಚಲ್ಲಿ ನೆಟ್ಟಗೆ ಕೂರಲ್ಲ, ಒತ್ತಿ ತುರುಕಿದ್ರೆ ಪಕ್ಕದ ಚರ್ಮ ಮಡಚಿ ಕೂತ್ಬಿಡತ್ತೆ, ಕೆಳಗಿನ ಪ್ಯಾನಲ್ಲಲ್ಲಿರೋ ಉಣ್ಣೆ ಒಂದ್ಕಡೆ ಚಪ್ಪಟೆ ಆಗತ್ತೆ, ಆಮೇಲೆ ಕುದುರೆ ಬೆನ್ನಿಗೆ ಸರಿಯಾಗಿ ಕೂರಲ್ಲ, ನೋವಾಗೋದು ಆ ಮೂಕಪ್ರಾಣಿಗೆ. ಗೋಡೆಗೆ ಒಂದು ಸ್ಟ್ಯಾಂಡ್ ಮಾಡಿಸಿ ಅದರ ಮೇಲಿಡಿ, ಮೇಲೊಂದು ಕಾಟನ್ ಬಟ್ಟೆ ಹೊದಿಸಿ. ಲಗಾಮು ಟ್ರಂಕಿಗೆ ಹಾಕೋಕೆ ಮುಂಚೆ ಬೆವರು ಒರೆಸಿ, ಬಾಯಿಗೆ ಹಾಕೋ ಕಬ್ಬಿಣ ತೊಳೆದು, ನೆರಳಲ್ಲಿ ಒಣಗಿಸಿ. ಒದ್ದೆ ಪ್ಯಾಡು ಅಂತೂ ಆ ಟ್ರಂಕಿನ ಮುಖಾನೂ ನೋಡ್ಬಾರ್ದು.

ಯಲಹಂಕ_ಅಮ್ಮ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಜೀನಿಗೆ ಸ್ಟ್ಯಾಂಡ್ ಇವತ್ತೇ ಬಡಗಿಗೆ ಹೇಳ್ತೀನಿ. ಜಮಖಾನ ಅತ್ತೆ ಕೊಟ್ಟಿದ್ದು ನವಲಗುಂದದ್ದು ಇದೆ, ಅದು ಹಾಸೋಕೆ ಮನಸ್ಸಿಲ್ಲ, ಬೇರೆ ನೋಡ್ತೀನಿ. ಮೂಲೇಲಿ ನುಸಿಗುಳಿಗೆ ಹಾಕ್ಬಹುದಾ?

ಮೈಸೂರು_ಸವಾರ:
ಹೆಲ್ಮೆಟ್ ಇರೋ ಕಡೆ ಹಾಕ್ಬೇಡಿ ಅಕ್ಕ. ಹೆಲ್ಮೆಟ್ಟೊಳಗೆ ಇರೋದು ಥರ್ಮೋಕೋಲ್ ಜಾತಿದೇ, ಗುಳಿಗೆಯಲ್ಲಿರೋ ನ್ಯಾಫ್ತಲೀನು ಅದನ್ನ ತಿನ್ನತ್ತೆ, ಹೊರಗೆ ಚೆನ್ನಾಗೇ ಕಾಣ್ತಿರತ್ತೆ, ಬಿದ್ದಾಗ ತಲೆ ಕಾಯೋದು ಅದೇ ಅಲ್ವಾ. ನುಸಿಗುಳಿಗೆಯಿಂದ ಬೂಷ್ಟೇನೂ ನಿಲ್ಲಲ್ಲ. ಸಿಲಿಕಾ ಜೆಲ್ ಇಡಿ, ನೀಲಿ ಬಣ್ಣದ್ದು ಗುಲಾಬಿ ಆಯ್ತು ಅಂದ್ರೆ ಓವನ್ನಲ್ಲಿ ಕಾಯಿಸಿ ಮತ್ತೆ ಹಾಕಿ.

ಹಳೇತಗಡು:
ಅದಕ್ಕೇ ಇನ್ನೊಂದು ಮಾತು. ಪೇಂಟಾದ್ಮೇಲೆ ವಾಸನೆ ಪೂರ್ತಿ ಹೋಗೋ ತನಕ ಮುಚ್ಚಳ ತೆಗೆದೇ ಇಡಿ, ಥಿನ್ನರ್ ಆವಿನೂ ಥರ್ಮೋಕೋಲ್‌ಗೆ ಆಗಲ್ಲ. ಮೂಗು ಒಳಗಿಟ್ಟು ನೋಡಿ, ಏನೂ ಬರ್ಲಿಲ್ಲ ಅಂದ್ಮೇಲೇ ಹೆಲ್ಮೆಟ್ ಇಡಿ.