383ಕ್ಕೆ ಸಣ್ಣ ಬೇಸ್ ಸರ್ಕಲ್ ಕ್ಯಾಮ್ ಬೇಕೇ ಬೇಕಾ?

ಪ್ರಶ್ನೆ: ನಾನಿರುವುದು ಡೆಟ್ರಾಯಿಟ್ ಹತ್ತಿರ. 1989ರ ಕ್ಯಾಮಾರೊದ ಷೆವಿ (ಷೆವ್ರೊಲೆಟ್) 350 ಕ್ಯೂಬಿಕ್ ಇಂಚಿನ ಎಂಜಿನ್ ಬಿಚ್ಚಿ 383 ಮಾಡುತ್ತಿದ್ದೇನೆ. ಬೋರ್ (ಸಿಲಿಂಡರ್ ವ್ಯಾಸ) 4.030 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 3.75. ಕಂಪನಿಯಿಂದ ಬಂದ ಹೈಡ್ರಾಲಿಕ್ ರೋಲರ್ ಲಿಫ್ಟರ್‌ಗಳನ್ನೇ (ಕ್ಯಾಮ್ ಮೇಲೆ ಉರುಳುತ್ತಾ ಏರಿಳಿಯುವ ಭಾಗಗಳು) ಇಟ್ಟುಕೊಳ್ಳುವ ಯೋಚನೆ. ಆರಿಸಿದ ಕ್ಯಾಮ್‌ನ (ವಾಲ್ವ್ ತೆರೆಸುವ ಲೋಬ್‌ಗಳು, ಅಂದರೆ ಉಬ್ಬುಗಳು, ಇರುವ ದಂಡ) ಲೋಬ್ ಲಿಫ್ಟ್, ಅಂದರೆ ಉಬ್ಬಿನ ಎತ್ತರ, 0.350 ಇಂಚು. ಅದು 1.125 ಬೇಸ್ ಸರ್ಕಲ್‌ನಲ್ಲೂ (ಲೋಬ್‌ನ ಉಬ್ಬಿಲ್ಲದ ಉರುಟು ಭಾಗದ ವ್ಯಾಸ) ಸಿಗುತ್ತದೆ, 0.900ರಲ್ಲೂ ಸಿಗುತ್ತದೆ. ಸ್ಟ್ರೋಕರ್ (ಸ್ಟ್ರೋಕ್ ಹೆಚ್ಚಿಸಿದ ಎಂಜಿನ್) ಅಂದಮೇಲೆ ಸಣ್ಣದೇ ಹಾಕು ಅಂತಾರೆ ಎಲ್ಲರೂ. ಮಾಡಿದವರು ಹೇಳಿ.

ಉತ್ತರ (ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುವವರು): ಕಣ್ಣು ಮುಚ್ಚಿ ಸಣ್ಣದು ತರಿಸಬೇಡಿ ಸರ್. ಮೊದಲು ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಯಾವುದು ನೋಡಿ.

350ರ ಸ್ಟ್ರೋಕ್ 3.48. ನಿಮ್ಮದು 3.75. ಅಂದರೆ ರಾಡ್‌ನ ದೊಡ್ಡ ತುದಿ 0.135 ಇಂಚು ಜಾಸ್ತಿ ಹೊರಗೆ ಸುತ್ತುತ್ತದೆ. ಅದರ ಭುಜ ಹೋಗಿ ಲೋಬ್‌ಗೆ ತಾಗುವ ಭಯ ಅಲ್ಲಿಂದಲೇ ಬರುವುದು. 1.125 ಬಿಟ್ಟು 0.900 ಹಾಕಿದರೆ ವ್ಯಾಸ 0.225 ಕಮ್ಮಿಯಾಗುತ್ತದೆ, ಆದರೆ ನಿಮಗೆ ಸಿಗುವ ಜಾಗ ಅದರ ಅರ್ಧ, 0.1125 ಮಾತ್ರ. ಆ ಜಾಗಕ್ಕೆ ಬೆಲೆಯೂ ಇದೆ. ಉರುಟು ಸರಳಿನ ತಿರುಚಿಕೊಳ್ಳದ ಗಟ್ಟಿತನ ವ್ಯಾಸದ ನಾಲ್ಕನೇ ಘಾತದಂತೆ ಇಳಿಯುತ್ತದೆ. ಬೇಸ್ ಸರ್ಕಲ್ ಅಳತೆಯ ಸರಳು ಅಂತಲೇ ಲೆಕ್ಕ ಹಾಕಿದರೂ 0.900ರದ್ದು 1.125ರ ಸುಮಾರು 41% ಮಾತ್ರ ಗಟ್ಟಿ. ಬಿಗಿ ಸ್ಪ್ರಿಂಗ್ ಹಾಕಿ ಆರ್‌ಪಿಎಂ ಏರಿಸಿದರೆ ಅಂಥ ಕ್ಯಾಮ್ ತಿರುಚಿಕೊಳ್ಳುತ್ತದೆ, ವಾಲ್ವ್ ಟೈಮಿಂಗ್ ಅಲುಗಾಡುತ್ತದೆ.

ಹಾಗಂತ ಬೇಸ್ ಸರ್ಕಲ್ ಎಷ್ಟು ಬೇಕಾದರೂ ದೊಡ್ಡದಿರಬಹುದು ಅಂತಲ್ಲ. ಕ್ಯಾಮ್ ಬ್ಲಾಕ್ ಒಳಗೆ ಜಾರಬೇಕಲ್ವಾ? ಲೋಬ್‌ನ ಮೂಗು (ಉಬ್ಬಿನ ತುದಿ) ಜರ್ನಲ್‌ಗಿಂತ (ಕ್ಯಾಮ್‌ನ ಬೇರಿಂಗ್‌ನಲ್ಲಿ ಕೂರುವ ಉರುಟು ಭಾಗ) ಹೊರಗೆ ಚಾಚಬಾರದು. ಷೆವಿ ಸ್ಮಾಲ್ ಬ್ಲಾಕ್‌ನ ಜರ್ನಲ್ 1.868 ಇಂಚು. ಅದರಿಂದ ಲೋಬ್ ಲಿಫ್ಟನ್ನು ಎರಡು ಸಲ ಕಳೆಯಿರಿ, 1.168 ಬರುತ್ತದೆ. ಬಹಳ ಜನ ಒಂದೇ ಸಲ ಕಳೆದು ಜಾಗ ಬೇಕಾದಷ್ಟಿದೆ ಅಂದುಕೊಳ್ಳುತ್ತಾರೆ. ಮೂಗು ಇರುವುದು ಒಂದೇ ಕಡೆ, ಹಾಗಾಗಿ ಅರ್ಧವ್ಯಾಸದ ಲೆಕ್ಕದಲ್ಲಿ ನೋಡಬೇಕು. ನಿಮ್ಮ 1.125 ಇದರೊಳಗೆ ಆರಾಮಾಗಿ ಕೂರುತ್ತದೆ.

ಈಗ ಅಳತೆ. ಟೈಮಿಂಗ್ ಚೈನ್ ಹಾಕಿ ಕ್ಯಾಮನ್ನು ಡಿಗ್ರಿ ಮಾಡಿಕೊಳ್ಳಿ, ಅಂದರೆ ಕ್ರ್ಯಾಂಕ್‌ಗೆ ಸರಿಯಾದ ಕೋನದಲ್ಲಿ ಹೊಂದಿಸಿ. ಆಮೇಲೆ ರಾಡ್ ಕೂಡಿಸಿ ಕ್ರ್ಯಾಂಕನ್ನು ಕೈಯಲ್ಲಿ ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ಯಾಮ್ ಅರ್ಧ ವೇಗದಲ್ಲಿ ಸುತ್ತುವುದರಿಂದ ಒಂದು ಸುತ್ತು ಸಾಲದು. ಪ್ಲಾಸ್ಟಿಕ್ ಝಿಪ್ ಟೈ ತೆಗೆದುಕೊಂಡು ಅದರ ದಪ್ಪ ಮೈಕ್ರೋಮೀಟರ್‌ನಲ್ಲಿ ನೋಡಿ. 0.060 ಇಂಚು ಇರುವುದನ್ನು ರಾಡ್ ಭುಜಕ್ಕೂ ಲೋಬ್‌ಗೂ ನಡುವೆ ತೂರಿಸಿ. ಹಿಡಿದುಕೊಂಡರೆ, ಇಲ್ಲವೇ ಅದರ ಮೇಲೆ ಗುರುತು ಬಿದ್ದರೆ ಜಾಗ ಸಾಲದು. ಸಾಮಾನ್ಯವಾಗಿ ಇಕ್ಕಟ್ಟಾಗುವುದು 1, 2, 5, 6ನೇ ಸಿಲಿಂಡರ್‌ನಲ್ಲಿ. ಎಂಟನ್ನೂ ನೋಡಿ. ಆಮೇಲೆ ಕ್ಯಾಮನ್ನು ನಾಲ್ಕು ಡಿಗ್ರಿ ಮುಂದೆ ಹಿಂದೆ ಮಾಡಿದರೆ ಮತ್ತೆ ಮೊದಲಿಂದ ಅಳೆಯಬೇಕು.

ಉತ್ತರ (ಲಿಫ್ಟರ್ ಬಗ್ಗೆ): ಕಂಪನಿ ಲಿಫ್ಟರ್ ಅಂದಿರಲ್ಲ, ನನಗೆ ಚಿಂತೆ ಅದರದ್ದೇ. ಆ ಲಿಫ್ಟರ್ ತಿರುಗದಂತೆ ತಡೆಯುವುದು ಡಾಗ್‌ಬೋನ್ ಪಟ್ಟಿ. ಲಿಫ್ಟರ್ ಮೈಮೇಲಿನ ಚಪ್ಪಟೆ ಭಾಗ ಅದರೊಳಗೆ ಕೂತಿರುತ್ತದೆ. 0.900 ಹಾಕಿದರೆ ಲಿಫ್ಟರ್ 0.1125 ಕೆಳಗಿಳಿಯುತ್ತದೆ. ಚಪ್ಪಟೆ ಭಾಗ ಪಟ್ಟಿಯ ಹಿಡಿತ ತಪ್ಪಿತೋ, ಲಿಫ್ಟರ್ ಅಡ್ಡ ತಿರುಗುತ್ತದೆ, ರೋಲರ್ ಉರುಳುವ ಬದಲು ಉಜ್ಜುತ್ತದೆ, ಲೋಬ್ ಹೋಯಿತು, ಲೋಹದ ಪುಡಿ ಎಣ್ಣೆಯ ಜೊತೆ ಬೇರಿಂಗ್‌ಗೆಲ್ಲ ಹೋಗುತ್ತದೆ. ರೋಲರ್ ಬೇಸ್ ಸರ್ಕಲ್ ಮೇಲಿದ್ದಾಗ ಒಮ್ಮೆ, ಮೂಗಿನ ಮೇಲಿದ್ದಾಗ ಒಮ್ಮೆ ಬಗ್ಗಿ ನೋಡಿ. ಎರಡೂ ಕಡೆ ಚಪ್ಪಟೆ ಭಾಗ ಪಟ್ಟಿಯೊಳಗೆ ಇರಲೇಬೇಕು. ಸಣ್ಣ ಬೇಸ್ ಸರ್ಕಲ್ ಬೇಕೇ ಬೇಕು ಅಂದರೆ ಜೋಡಿಯನ್ನು ಕೊಂಡಿಯಿಂದ ಕಟ್ಟಿದ ಲಿಂಕ್‌ಬಾರ್ ಲಿಫ್ಟರ್ ತೆಗೆದುಕೊಳ್ಳಿ.

ಉತ್ತರ (ಪುಷ್‌ರಾಡ್ ಬಗ್ಗೆ): ಲಿಫ್ಟರ್ ಇಳಿದಷ್ಟು ಪುಷ್‌ರಾಡ್ (ಲಿಫ್ಟರ್‌ನಿಂದ ರಾಕರ್‌ಗೆ, ಅಂದರೆ ವಾಲ್ವ್ ಒತ್ತುವ ತೋಳಿಗೆ, ತಳ್ಳುವ ಕಡ್ಡಿ) ಉದ್ದ ಬೇಕು. ನಿಮ್ಮ ಎಂಜಿನ್‌ಗೆ ಬರುವುದು 7.200 ಇಂಚಿನದು. 0.900ರಲ್ಲಿ 7.300ರ ಆಸುಪಾಸು ಬರುತ್ತದೆ, ಆದರೆ ಚೆಕಿಂಗ್ ಪುಷ್‌ರಾಡ್ (ಉದ್ದ ಹೊಂದಿಸಬಹುದಾದದ್ದು) ಹಾಕಿ ಅಳೆಯದೆ ಆರ್ಡರ್ ಮಾಡಬೇಡಿ. ಸ್ಟಡ್ ಮೇಲಿನ ರಾಕರ್ ಆದ್ದರಿಂದ ನಟ್ ಬಿಗಿ ಮಾಡಿ ಪ್ರೀಲೋಡ್ (ಲಿಫ್ಟರ್‌ನ ಒಳಭಾಗ ಒತ್ತಿಕೊಂಡಿರುವ ಅಳತೆ) ಸರಿ ಮಾಡಬಹುದು ಅನ್ನಿಸುತ್ತದೆ. 3/8-24 ಸ್ಟಡ್‌ನಲ್ಲಿ ಅರ್ಧ ಸುತ್ತಿಗೆ ನಟ್ 0.021 ಇಳಿಯುತ್ತದೆ, ಸದ್ದೂ ನಿಲ್ಲುತ್ತದೆ. ಆದರೆ ಪುಷ್‌ರಾಡ್ ಗಿಡ್ಡವಾದರೆ ರಾಕರ್ ಕೋನ ಕೆಟ್ಟು ವಾಲ್ವ್ ತಲೆಯ ಅಂಚಲ್ಲಿ ಉಜ್ಜುತ್ತದೆ. ಅದು ಹೊರಗಿಂದ ಗೊತ್ತೇ ಆಗುವುದಿಲ್ಲ. ಎಲ್‌ಎಸ್ ಎಂಜಿನ್‌ನಲ್ಲಿ (ಷೆವಿಯ ಮುಂದಿನ ತಲೆಮಾರಿನ ವಿ8) ಬೇರೆ ಕಥೆ. ಅಲ್ಲಿ ರಾಕರ್ ಬೋಲ್ಟ್ ಹಾಕಿ ಕೂರಿಸುವಂಥದ್ದು, ಹೊಂದಿಸಲು ಏನೂ ಇಲ್ಲ. ಬೇಸ್ ಸರ್ಕಲ್ 1.550 ಇದ್ದದ್ದು 1.450 ಆದರೆ 0.050 ಪ್ರೀಲೋಡ್ ನೇರವಾಗಿ ಹೋಯಿತು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ರಾಡ್ ಹಳೆಯ ಬೋಲ್ಟ್-ನಟ್ ಮಾದರಿಯದು. ಕೂಡಿಸಿ ನೋಡಿದೆ, 2ನೇ ಸಿಲಿಂಡರ್‌ನಲ್ಲಿ ಝಿಪ್ ಟೈ ಹಿಡಿದುಕೊಂಡಿತು.

ಉತ್ತರ (ಮಷಿನ್ ಶಾಪ್‌ನವರು): ಬೋಲ್ಟ್ ತಲೆಯೇ ತಾಗುತ್ತಿರುತ್ತದೆ. ಕ್ಯಾಮ್ ಬದಲಿಸಬೇಡಿ. ಸ್ಟ್ರೋಕರ್‌ಗಂತಲೇ ಭುಜ ಇಳಿಸಿರುವ ಕ್ಯಾಪ್‌ಸ್ಕ್ರೂ ರಾಡ್ (ನಟ್ ಇಲ್ಲದೆ ಸ್ಕ್ರೂ ನೇರ ರಾಡ್‌ಗೇ ಕೂರುವಂಥದ್ದು) ತನ್ನಿ, 1.125ರ ಮೇಲೆಯೇ ಮತ್ತೆ ಅಳೆಯಿರಿ. ರಾಡ್ ತೂಕ ಬದಲಾಗುವುದರಿಂದ ಕ್ರ್ಯಾಂಕ್ ಬ್ಯಾಲೆನ್ಸ್ ಮಾಡಿಸುವುದು ಅದಾದ ಮೇಲೆ ಇಟ್ಟುಕೊಳ್ಳಿ.